ಬೋಟಿನಲ್ಲೇ ಉಳಿದುಹೋಗುವ ಮತಗಳು: ಮುಖ್ಯ ಚುನಾವಣಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯವರಿಗೆ,

ವಿಷಯ: ಕುಮಟಾ ವಿಧಾನಸಭಾ ಕ್ಷೇತ್ರದ ಕಡಲ ಮೀನುಗಾರರಿಗೆ ಅಂಚೆ ಮತದ ಅವಕಾಶ ಕೋರಿ

ಮಾನ್ಯರೇ,

ಉತ್ತರ ಕನ್ನಡದ ಕುಮಟಾ ಕ್ಷೇತ್ರದ ಹಿಂದಿನ ನಾಲ್ಕು ಫಲಿತಾಂಶಗಳನ್ನು ತಾವು ಒಮ್ಮೆ ತೆರೆದು ನೋಡಬೇಕು. 2008ರಲ್ಲಿ ಜೆಡಿಎಸ್‌ನ ದಿನಕರ ಶೆಟ್ಟಿ ಕಾಂಗ್ರೆಸ್ಸಿನ ಮೋಹನ ಶೆಟ್ಟಿಯವರೆದುರು ಗೆದ್ದದ್ದು ಬರೇ 20 ಮತಗಳಿಂದ. 2013ರಲ್ಲಿ ಮೋಹನ ಶೆಟ್ಟಿಯವರ ಪತ್ನಿ ಶಾರದಾ ಶೆಟ್ಟಿ ಅದೇ ದಿನಕರ ಶೆಟ್ಟಿಯವರನ್ನು 420 ಮತಗಳಿಂದ ಸೋಲಿಸಿದರು. 2018ರಲ್ಲಿ ದಿನಕರ ಶೆಟ್ಟಿ ಬಿಜೆಪಿಯಿಂದ ನಿಂತಾಗ ಅಂತರ 32,750ಕ್ಕೆ ಜಿಗಿಯಿತು. 2023ರಲ್ಲಿ ಅವರೇ ಜೆಡಿಎಸ್‌ನ ಸೂರಜ್ ನಾಯ್ಕ ಸೋನಿಯವರೆದುರು 676 ಮತಗಳಲ್ಲಿ ಉಳಿದುಕೊಂಡರು. ಕಾಂಗ್ರೆಸ್ ಮೂರನೇ ಸ್ಥಾನಕ್ಕೆ ಹೋಯಿತು.

ಹದಿನೈದು ವರ್ಷದೊಳಗೆ ಮೂರು ಪಕ್ಷಗಳಿಗೂ ಗೆಲುವು ಕೊಟ್ಟ ಕ್ಷೇತ್ರವಿದು. ಕರಾವಳಿಯ ಮತ ಒಂದೇ ಗಾಳಿಗೆ ಬೀಳುತ್ತದೆ ಎಂಬ ಮಾತಿಗೆ 2018ರ ಲೆಕ್ಕ ಒಂದೇ ಆಧಾರ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಎದ್ದ ಕೋಮುಗಲಭೆ ಕುಮಟಾ, ಶಿರಸಿಯವರೆಗೆ ಹಬ್ಬಿತ್ತು. ಐದು ತಿಂಗಳಿಗೆ ಚುನಾವಣೆ ಬಂತು. ಆ ಬಿಸಿ ಇಳಿದ ಮೇಲೆ, ಜೆಡಿಎಸ್ ಕರಾವಳಿಯಲ್ಲಿ ಒಂದೂ ಸ್ಥಾನ ಗೆಲ್ಲದ 2023ರಲ್ಲಿ ಸಹ, ಇಲ್ಲಿ ಆ ಪಕ್ಷದ ಅಭ್ಯರ್ಥಿ ಗೆಲುವಿನ ಹೊಸ್ತಿಲಿಗೆ ಬಂದರು. ಇಲ್ಲಿಯ ಜನ ಪಕ್ಷದಷ್ಟೇ ಅಭ್ಯರ್ಥಿಯನ್ನೂ, ಅವನ ಊರನ್ನೂ, ಜಾತಿಯನ್ನೂ, ಒಡನಾಟವನ್ನೂ ತೂಗಿ ನೋಡುತ್ತಾರೆ. ಹಾಗಾಗಿಯೇ ಅಂತರ ಇಷ್ಟು ತೆಳ್ಳಗೆ.

ಇಂಥ ಕಡೆ ಮತಗಟ್ಟೆಗೆ ಬರಲಾಗದವರು ಯಾರು ಎಂಬುದು ದೊಡ್ಡ ಪ್ರಶ್ನೆ. ಒಂದು ಪರ್ಸೀನ್ (ಸುತ್ತುಬಲೆ) ಬೋಟಿನಲ್ಲಿ 25ರಿಂದ 30 ಜನ ಇರುತ್ತಾರೆ. 2008ರ ಫಲಿತಾಂಶವನ್ನು ತಿರುಗಿಸಲು ಒಂದು ಬೋಟಿನವರು ಸಾಕಿತ್ತು. ಆಳ ಸಮುದ್ರದ ಟ್ರಾಲ್ (ಎಳೆಬಲೆ) ಬೋಟು ಹೊರಟರೆ ವಾರ, ಹತ್ತು ದಿನ ದಡ ಕಾಣುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ನಮ್ಮ ವಿಧಾನಸಭಾ ಚುನಾವಣೆಗಳು ಬರುವುದು ಮೇ ತಿಂಗಳಲ್ಲಿ: 2013ರಲ್ಲಿ 5ರಂದು, 2018ರಲ್ಲಿ 12ರಂದು, 2023ರಲ್ಲಿ 10ರಂದು. ಮಳೆಗಾಲ ಹಿಡಿಯುವ ಮೊದಲು ನಾಲ್ಕು ಕಾಸು ಕೂಡಿಡಬೇಕಾದ ಕೊನೆಯ ಪಾಳಿ ಅದು. ನಮ್ಮ ತದಡಿ ಬಂದರಿನಿಂದ ಹೊರಟವರ ಜೊತೆಗೆ ಮಲ್ಪೆ, ಮಂಗಳೂರು, ಗೋವಾದ ಬೋಟುಗಳಲ್ಲಿ ದುಡಿಯುವ ನಮ್ಮವರನ್ನೂ ಸೇರಿಸಿಕೊಳ್ಳಿ. (ಬೋಟುಗಳಲ್ಲಿ ಒಡಿಶಾ, ಜಾರ್ಖಂಡದವರೂ ಇದ್ದಾರೆ, ಅವರು ಇಲ್ಲಿಯ ಮತದಾರರಲ್ಲ, ಆ ಲೆಕ್ಕ ಬೇರೆ ಇಡಬೇಕು.)

ಮತದಾನದ ದಿನ ಸಂಬಳಸಹಿತ ರಜೆ ಇದೆಯಲ್ಲ ಎಂಬ ಉತ್ತರ ಬರಬಹುದು. ಜನಪ್ರಾತಿನಿಧ್ಯ ಕಾಯ್ದೆ 1951ರ 135ಬಿ ಕಲಮಿನ ಆ ರಜೆ ಕಡಲಿನಲ್ಲಿ ಕೆಲಸಕ್ಕೆ ಬಾರದು. ಬೋಟಿನ ಕೆಲಸಗಾರನಾದ ಖಲಾಸಿಗೆ ದಿನಗೂಲಿ ಇಲ್ಲ, ಹಿಡಿದ ಮೀನಿನಲ್ಲಿ ಪಾಲು. ಬೋಟು ನಿಂತರೆ ಅದನ್ನು ನಡೆಸುವ ತಾಂಡೇಲನಿಗೂ ಖಲಾಸಿಗೂ ಪಾಲೇ ಇಲ್ಲ. ಕೆಲಸಗಾರನ ಗೈರಿನಿಂದ ಅಪಾಯ ಅಥವಾ ಗಣನೀಯ ನಷ್ಟವಾಗುವಲ್ಲಿ ರಜೆ ಅನ್ವಯಿಸದು ಎಂದು ಅದೇ ಕಲಮು ಹೇಳುತ್ತದೆ. ನಡುಗಡಲಿನ ಬೋಟಿನವರಿಗೆ ರಜೆ ಇಲ್ಲವೆನ್ನಲು ಅಷ್ಟೇ ಸಾಕು.

ದಾರಿ ಅದೇ ಕಾಯ್ದೆಯಲ್ಲಿದೆ. ಕಲಮು 60(ಸಿ) ಪ್ರಕಾರ ಚುನಾವಣಾ ಆಯೋಗ ಸರ್ಕಾರದೊಡನೆ ಸಮಾಲೋಚಿಸಿ ಯಾವುದೇ ವರ್ಗದ ಮತದಾರರಿಗೆ ಅಂಚೆ ಮತದ ಹಕ್ಕು ಕೊಡಬಹುದು. ಅಗತ್ಯ ಸೇವೆಯವರು, ಹಿರಿಯರು, ಅಂಗವಿಕಲರು ಇದರಡಿ ಈಗಾಗಲೇ ಮತ ಹಾಕುತ್ತಿದ್ದಾರೆ. ಕಡಲಿಗೆ ಹೋಗುವ ಮೀನುಗಾರರನ್ನೂ ಆ ಅಧಿಸೂಚನೆಗೆ ಸೇರಿಸುವಂತೆ ತಾವು ಆಯೋಗಕ್ಕೆ ಪ್ರಸ್ತಾವ ಕಳಿಸಬೇಕು.

ಆದರೆ ಈಗಿನ ವಿಧಾನವನ್ನು ಹಾಗೆಯೇ ಎತ್ತಿ ಇಲ್ಲಿಟ್ಟರೆ ಪ್ರಯೋಜನವಿಲ್ಲ. ಅಂಚೆ ಮತ ಕೋರುವ ಅರ್ಜಿಯಾದ ನಮೂನೆ 12ಡಿ ಚುನಾವಣಾ ಅಧಿಸೂಚನೆಯಾದ ಐದು ದಿನದೊಳಗೆ ಕ್ಷೇತ್ರದ ಚುನಾವಣಾಧಿಕಾರಿಗೆ ತಲುಪಬೇಕು. ಹತ್ತು ದಿನದ ಪಾಳಿಯಲ್ಲಿರುವವನಿಗೆ ಆ ಐದು ದಿನ ಕಡಲಲ್ಲೇ ಕಳೆದುಹೋಗುತ್ತದೆ. ಅರ್ಜಿಯನ್ನು ಮೊದಲೇ ಬಂದರಿನಲ್ಲೇ ಪಡೆಯುವ ವ್ಯವಸ್ಥೆ ಬೇಕು. ಅಂಚೆ ಮತದಾನ ಕೇಂದ್ರ ಮೂರು ದಿನ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಎಂಬ ಕ್ರಮವೂ ಸಾಲದು. ಬೋಟುಗಳು ದಡಕ್ಕೆ ಬರುವ ಹೊತ್ತನ್ನು ಮೀನುಗಾರಿಕೆ ಇಲಾಖೆಯಿಂದ ತಿಳಿದು ತದಡಿ, ಹೊನ್ನಾವರ ಬಂದರುಗಳಲ್ಲಿ ಕೇಂದ್ರ ತೆರೆಯಬೇಕು. ಅಲ್ಲೇ ದೃಢೀಕರಣ ಅಧಿಕಾರಿಯೂ ಇರಲಿ. ಅಂಚೆ ಮತಪತ್ರದ ಜೊತೆ ಮತದಾರ ಕೊಡಬೇಕಾದ 13ಎ ಘೋಷಣೆಗೆ ಸಹಿ ಇಲ್ಲದಿದ್ದರೆ, ದೃಢೀಕರಣ ಇಲ್ಲದಿದ್ದರೆ, ಅಥವಾ ಘೋಷಣೆಯನ್ನು ಮತಪತ್ರದ ಒಳಲಕೋಟೆಗೇ ತುರುಕಿದ್ದರೆ ಆ ಮತ ತಿರಸ್ಕೃತ. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಅಂಚೆ ಮತ ಹೆಚ್ಚಾದರೆ ಅವೆಲ್ಲವನ್ನೂ ಮತ್ತೆ ಪರಿಶೀಲಿಸಬೇಕೆಂಬ ಆಯೋಗದ ನಿಯಮ ಬೇರೆಡೆ ಅಪರೂಪಕ್ಕೆ ಬೇಕಾದೀತು; 20 ಮತಗಳಲ್ಲಿ ತೀರ್ಮಾನವಾದ ಕುಮಟಾದಲ್ಲಿ ಅದು ಮತ್ತೆ ಮತ್ತೆ ಎದುರಾಗಬಹುದು.

ಮತದಾರರ ಪಟ್ಟಿಯ ಬಗ್ಗೆ ಒಂದೇ ಮಾತು. ಗೋವಾ, ಮಲ್ಪೆಯಲ್ಲಿ ದುಡಿಯುವವನ ಮನೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಆತ ಸಿಗುವುದಿಲ್ಲ. ಸ್ಥಳಾಂತರವೆಂದು ಬರೆದುಕೊಂಡರೆ ಹೆಸರು ಅಳಿಯುವ ದಾರಿ ಹಿಡಿಯುತ್ತದೆ. ಕುಟುಂಬ ಇಲ್ಲೇ ಇದ್ದು ಮಳೆಗಾಲಕ್ಕೆ ಮನೆಗೆ ಮರಳುವವನು ಸ್ಥಳಾಂತರಗೊಂಡವನಲ್ಲ. ಇಂಥವರ ಪರಿಶೀಲನೆಯನ್ನು ಜೂನ್, ಜುಲೈನಲ್ಲಿ ಇಟ್ಟರೆ ಎಲ್ಲರೂ ಮನೆಯಲ್ಲೇ ಸಿಗುತ್ತಾರೆ.

ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಪ್ರಸ್ತಾವ ದೆಹಲಿಗೆ ಹೋಗಿ, ಕೇಂದ್ರ ಸರ್ಕಾರದೊಡನೆ ಸಮಾಲೋಚನೆಯಾಗಿ, ನಿಯಮ ತಿದ್ದಲು ಕಾಲ ಬೇಕು. ಪ್ರಸ್ತಾವ ಕಳಿಸಿದ ದಿನಾಂಕವನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ,
ಕುಮಟಾ ವಿಧಾನಸಭಾ ಕ್ಷೇತ್ರದ ಮತದಾರರು