ಹಾವು ಕಚ್ಚಿದವರಿಗೆ ರೆಫರಲ್ ಚೀಟಿ ಮದ್ದಲ್ಲ

ಮಾನ್ಯ ಸಂಪಾದಕರೇ,

ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗಿ ಹಾವು ಕಚ್ಚಿಸಿಕೊಂಡ ಯುವಕನನ್ನು ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಸಾಗಹಾಕಿದ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ. ‘ಎಎಸ್‌ವಿ (ಹಾವಿನ ವಿಷ ಇಳಿಸುವ ಮದ್ದು) ದಾಸ್ತಾನು ಇತ್ತು, ಸಿಬ್ಬಂದಿಯ ಲೋಪವಿಲ್ಲ’ ಎಂಬ ಮೇಲಧಿಕಾರಿಯ ಹೇಳಿಕೆ ಓದಿ ಮೈ ಉರಿಯಿತು. ಔಷಧ ಕಪಾಟಿನಲ್ಲಿ ಇದ್ದೂ ಕೊಡದಿದ್ದರೆ ಅದು ಲೋಪವಲ್ಲದೆ ಮತ್ತೇನು?

ಎಎಸ್‌ವಿ ಶುರು ಮಾಡಲು ಐಸಿಯು ಬೇಕಿಲ್ಲ. ವಿಷ ಏರಿದೆಯೇ ಎಂದು ತಿಳಿಯಲು ರೋಗಿಯ 2 ಮಿ.ಲೀ. ರಕ್ತವನ್ನು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದೇ ಲೆಕ್ಕ. ಪ್ಲಾಸ್ಟಿಕ್ ಟ್ಯೂಬಿನಲ್ಲೋ ಸೋಪು ಹಾಕಿ ತೊಳೆದ ಟ್ಯೂಬಿನಲ್ಲೋ ಮಾಡಿದರೆ ರಕ್ತ ಸರಿಯಿದ್ದರೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಕಟ್ಟುಹಾವು, ನಾಗರಹಾವು ಕಚ್ಚಿದ್ದರೆ ಈ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಕಣ್ಣಿನ ರೆಪ್ಪೆ ಜೋತುಬಿತ್ತೇ, ಉಗುಳು ನುಂಗಲು ಕಷ್ಟವೇ ಎಂದು ನೋಡಬೇಕು. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಎಷ್ಟೋ ಸಲ ಬಾವೂ ಇರುವುದಿಲ್ಲ, ನೋವೂ ಇರುವುದಿಲ್ಲ. ಲಕ್ಷಣ ಕಂಡರೆ 10 ವಯಲ್ (ಸಣ್ಣ ಸೀಸೆ) ಎಎಸ್‌ವಿ ಪುಡಿಯನ್ನು ನೊರೆ ಬರದಂತೆ ಕರಗಿಸಿ, ಸಲೈನಿಗೆ ಸೇರಿಸಿ, ಸುಮಾರು ಒಂದು ಗಂಟೆಯಲ್ಲಿ ಹರಿಸಬೇಕು. ಮಗುವಿಗೂ ಅದೇ ಡೋಸ್, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಮೊದಲ ಡೋಸ್ ಕೊಟ್ಟ ಮೇಲೆ ಆಂಬುಲೆನ್ಸ್ ಹತ್ತಿಸಿ, ಯಾರೂ ಬೇಡವೆನ್ನುವುದಿಲ್ಲ.

ಹಾಗಾದರೆ ಕೊಡುವುದಿಲ್ಲ ಯಾಕೆ? ಎಎಸ್‌ವಿಯಿಂದ ಅಲರ್ಜಿ ರಿಯಾಕ್ಷನ್ ಆದೀತೆಂಬ ಭಯ. ಅದಕ್ಕೂ ಮದ್ದಿದೆ. ದೊಡ್ಡವರಿಗಾದರೆ ಅರ್ಧ ಮಿ.ಗ್ರಾಂ. ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿಟ್ಟುಕೊಂಡೇ ಡ್ರಿಪ್ ಹಾಕುವುದು ಕ್ರಮ. ಆದರೆ ರಾತ್ರಿ ಅಲ್ಲಿರುವುದು ಗುತ್ತಿಗೆಯ ನರ್ಸ್ ಒಬ್ಬರೇ. ಹೆಚ್ಚುಕಡಿಮೆಯಾದರೆ ಬೈಗುಳ, ಹೊಡೆತ, ನೋಟಿಸು ಎಲ್ಲವೂ ಅವರ ಪಾಲಿಗೆ. ವೈದ್ಯಾಧಿಕಾರಿಗೆ ಪಕ್ಕದ ಕೇಂದ್ರದ ಪ್ರಭಾರವೂ ಉಂಟು, ಹಗಲೆಲ್ಲ ಸಭೆ, ವಿಡಿಯೊ ಕಾನ್ಫರೆನ್ಸು. ದಿನಕ್ಕೆ ಮೂರು ಪಾಳಿಯೆಂದರೆ ವಾರಕ್ಕೆ 21 ಪಾಳಿ. ರಜೆಯನ್ನೂ ಲೆಕ್ಕ ಹಿಡಿದರೆ ನಾಲ್ವರು ನರ್ಸುಗಳಿಲ್ಲದೆ 24 ಗಂಟೆ ನಡೆಯದು. ಈ ಲೆಕ್ಕ ಕಡತಕ್ಕೆ ಸಹಿ ಹಾಕುವವರಿಗೆ ಗೊತ್ತಿಲ್ಲವೇ?

ನಮ್ಮ ಕಡೆಯವರ ಪಾಡು ಕೇಳಿ. 108 ತಾಲ್ಲೂಕಿನಿಂದ ಬರಬೇಕು, ಅಷ್ಟೊತ್ತಿಗೆ ಕಾರಿನವರ ಕಾಲು ಹಿಡಿಯಬೇಕು, ಕೇಳಿದಷ್ಟು ಬಾಡಿಗೆ ತೆರಬೇಕು, ತಾಲ್ಲೂಕಿನಲ್ಲಿ ಮತ್ತೆ ಹೊರರೋಗಿ ಚೀಟಿ, ಜಿಲ್ಲೆಯಲ್ಲಿ ವೆಂಟಿಲೇಟರ್ ಖಾಲಿಯಿಲ್ಲ, ಖಾಸಗಿಗೆ ಹೋದರೆ ಮೊದಲು ಮುಂಗಡ ಕಟ್ಟಿ ಎನ್ನುತ್ತಾರೆ.

2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ನಮ್ಮ ರಾಜ್ಯ ಘೋಷಿಸಿತು. 2030ರೊಳಗೆ ಸಾವು ಅರ್ಧಕ್ಕಿಳಿಸುವುದಾಗಿ ಕೇಂದ್ರವೂ ಯೋಜನೆ ತಂದಿತು. ವರದಿಯೇನೋ ಹೋಗುತ್ತದೆ, ಡ್ರಿಪ್ ಹಾಕುವವರೆಲ್ಲಿ? ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆಗೆಂದು 2012ರಲ್ಲಿ ಕಾಯ್ದೆ ತಂದರು, 2023ರಲ್ಲಿ ಅದನ್ನೂ ಸಡಿಲಿಸಿದರು. ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಎನ್ನುತ್ತಾರೆ, ಹೋಬಳಿಗೆ ಬಂದ ವೈದ್ಯರು ಪಿಜಿ ಸೀಟು ಸಿಕ್ಕ ದಿನವೇ ಹೊರಡುತ್ತಾರೆ. ತರಬೇತಿ ಪಡೆದ ನರ್ಸ್ ವರ್ಗವಾದರೆ ಹೊಸಬರಿಗೆ ಹೇಳಿಕೊಡುವವರಿಲ್ಲ. ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು. ಇನ್ನು ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿಯೇ ಕೊಡಬೇಕೆಂದು ಹಟ ಹಿಡಿದ ವಿದ್ಯುತ್ ಕಂಪನಿಯವರನ್ನು ಯಾರು ಕೇಳಬೇಕು? ರೈತ ಕತ್ತಲಲ್ಲಿ ಬದುವಿನ ಮೇಲೆ ಕಾಲಿಡುವುದು ಅವರ ವೇಳಾಪಟ್ಟಿಯಿಂದಲೇ.

ಈಗ ತನಿಖೆ ಎನ್ನುತ್ತಿದ್ದಾರೆ. ಒಬ್ಬ ನರ್ಸನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳುವ ತನಿಖೆ ನಮಗೆ ಬೇಡ. ರಾತ್ರಿ ಪಾಳಿಗೆ ಕಾಯಂ ಸಿಬ್ಬಂದಿ ಹಾಕಿ, ಹಗಲು ಕರೆಂಟು ಕೊಡಿ. ಆರೋಗ್ಯ ಇಲಾಖೆಯವರಾಗಲಿ, ಇಂಧನ ಇಲಾಖೆಯವರಾಗಲಿ, ಯಾರಾದರೂ ಒಬ್ಬರು ನಾಚಿಕೆಯಿಂದಾದರೂ ಎದ್ದು ಕೆಲಸ ಮಾಡಿ.

– ನಿವೃತ್ತ ಸ್ಟಾಫ್ ನರ್ಸ್