ಈ ಸಲ ಥರ್ಮೋಕೋಲ್ ತಾಜ್ ಮಹಲ್ ಬೇಡ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವರ್ಷ ವಸ್ತುಪ್ರದರ್ಶನದ ದಿನ ನಮ್ಮ ಶಾಲೆಯ ಸಭಾಂಗಣದಲ್ಲಿ ಒಂಬತ್ತು ತಾಜ್ ಮಹಲ್‌ಗಳು ಸಾಲಾಗಿ ನಿಂತಿದ್ದವು. ಒಂಬತ್ತಕ್ಕೂ ಒಂದೇ ಅಳತೆ, ಒಂದೇ ಬಿಳುಪು, ಒಂದೇ ಬಗೆಯ ಮಿಣುಕು ದೀಪ. ಐದನೇ ತರಗತಿಯ ಹುಡುಗನೊಬ್ಬನನ್ನು ಕರೆದು, "ಇದನ್ನು ಕಟ್ಟಿಸಿದವರು ಯಾರಪ್ಪ?" ಎಂದು ಕೇಳಿದೆ. ಅವನು ತಡವರಿಸಲೇ ಇಲ್ಲ. "ನಮ್ಮ ಅಪ್ಪ ಟೀಚರ್, ನಾನೂರೈವತ್ತು ರೂಪಾಯಿ" ಎಂದ. ಅಷ್ಟು ಅಗ್ಗಕ್ಕೆ ಮುಗಿಯಿತೇ ಎಂದು ಶಹಜಹಾನನಿಗೇ ಹೊಟ್ಟೆಯುರಿ ಬರಬೇಕು.

ಹುಡುಗನದೇನೂ ತಪ್ಪಿಲ್ಲ. "ಪ್ರಸಿದ್ಧ ಕಟ್ಟಡವೊಂದರ ಮಾದರಿ ತನ್ನಿ" ಎಂದು ಸುತ್ತೋಲೆ ಕಳಿಸಿ ಕೈತೊಳೆದುಕೊಂಡವಳು ನಾನು. ತರಲು ಹೇಳಿದ್ದೆ, ತಂದರು. ಮಾಡಲು ಹೇಳಿರಲಿಲ್ಲ. ಆದ್ದರಿಂದ ಈ ಸಲ ಸುತ್ತೋಲೆಯ ಬದಲು ಇಷ್ಟುದ್ದದ ಪತ್ರ. ದಯವಿಟ್ಟು ಕೊನೆಯವರೆಗೆ ಓದಿ. ಯಾವ ಸಾಮಾನು ಬೇಕು, ಯಾವುದು ಬೇಡ ಎಂಬುದೂ ಇದರಲ್ಲೇ ಇದೆ.

ಡಿಸೆಂಬರ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ 9:30ರಿಂದ ಮಧ್ಯಾಹ್ನ 1 ಗಂಟೆಯವರೆಗೆ ಪ್ರದರ್ಶನ. ವಿಷಯ ಕಳೆದ ವರ್ಷದ್ದೇ: ಜಗತ್ತಿನ ಹೆಸರಾಂತ ಕಟ್ಟಡಗಳು. ಆದರೆ ಪ್ರತಿ ತರಗತಿಗೂ ಒಂದೊಂದನ್ನು ನಾವೇ ಹಂಚಿದ್ದೇವೆ. ಅದನ್ನು ಮಕ್ಕಳು ಶಾಲೆಯಲ್ಲೇ, ಗುಂಪಾಗಿ, ತಮ್ಮ ಕೈಯಿಂದಲೇ ಮಾಡುತ್ತಾರೆ. ನೋಡಲು ಬಂದವರು ಯಾವ ಮಗುವನ್ನು ಬೇಕಾದರೂ ಒಂದು ಪ್ರಶ್ನೆ ಕೇಳಬಹುದು: "ಇದು ಯಾಕೆ ಬೀಳುವುದಿಲ್ಲ?" ಎತ್ತರ ಎಷ್ಟು, ಯಾರ ಕಾಲದ್ದು ಎಂಬುದನ್ನೆಲ್ಲ ಬಾಯಿಪಾಠ ಮಾಡಿಸುವ ಕೆಲಸ ನಿಮಗೂ ಬೇಡ, ನಮಗೂ ಬೇಡ.

ಆರನೇ ತರಗತಿಗೆ ಬಂದಿರುವುದು ಪೀಸಾದ ವಾಲುಗೋಪುರ. ಇದು ನನ್ನ ಮೆಚ್ಚಿನದು, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಇಟಲಿಯ ಆ ಊರಿನಲ್ಲಿ 1173ರಲ್ಲಿ ಕೆಲಸ ಶುರುವಾಯಿತು. ಅಡಿಪಾಯ ಮೂರೇ ಮೀಟರ್ ಆಳ, ಕೆಳಗೆ ಮೆತ್ತನೆಯ ಜೇಡಿ. ಮೂರನೇ ಅಂತಸ್ತಿಗೆ ಬರುವ ಹೊತ್ತಿಗೆ ಗೋಪುರ ವಾಲತೊಡಗಿತ್ತು. ಅಷ್ಟರಲ್ಲಿ ಪೀಸಾ ನಗರ ಅಕ್ಕಪಕ್ಕದ ಊರುಗಳೊಂದಿಗೆ ಯುದ್ಧಕ್ಕೆ ಬಿದ್ದು, ಹೆಚ್ಚುಕಡಿಮೆ ನೂರು ವರ್ಷ ಕೆಲಸ ನಿಂತುಹೋಯಿತು. ಹಾಗೆ ನಿಂತದ್ದೇ ಒಳ್ಳೆಯದಾಯಿತು. ಆ ನೂರು ವರ್ಷದಲ್ಲಿ ಕೆಳಗಿನ ಮಣ್ಣು ಭಾರಕ್ಕೆ ಒಗ್ಗಿ ಗಟ್ಟಿಯಾಯಿತು. ಒಂದೇ ಉಸಿರಿಗೆ ಕಟ್ಟಿ ಮುಗಿಸಿದ್ದರೆ ಅಂದೇ ಮಗುಚಿ ಬೀಳುತ್ತಿತ್ತು. 1272ರಲ್ಲಿ ಮತ್ತೆ ಶುರು ಮಾಡಿದವರು ವಾಲಿದ ಕಡೆ ಗೋಡೆಯನ್ನು ತುಸು ಎತ್ತರಿಸಿ ಅಂತಸ್ತುಗಳನ್ನು ಏರಿಸಿದರು. ಹಾಗಾಗಿ ಆ ಗೋಪುರ ವಾಲಿರುವುದಷ್ಟೇ ಅಲ್ಲ, ನಡುವೆ ಬಾಳೆಹಣ್ಣಿನ ಹಾಗೆ ಬಾಗಿಯೂ ಇದೆ. ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡಿ, ಕಾಣುತ್ತದೆ.

1989ರಲ್ಲಿ ಇಟಲಿಯದೇ ಪಾವಿಯಾ ಎಂಬ ಊರಿನಲ್ಲಿ ಹಳೆಯ ಗೋಪುರವೊಂದು ಇದ್ದಕ್ಕಿದ್ದಂತೆ ಕುಸಿದು ನಾಲ್ವರು ಸತ್ತರು. ಆ ಭಯಕ್ಕೆ 1990ರ ಜನವರಿಯಲ್ಲಿ ಪೀಸಾ ಗೋಪುರದ ಬಾಗಿಲು ಮುಚ್ಚಿದರು. ದೊಡ್ಡ ದೊಡ್ಡ ಎಂಜಿನಿಯರುಗಳು ಕೂಡಿ ತಲೆ ಕೆಡಿಸಿಕೊಂಡರು. ವಾಲಿದ್ದಕ್ಕೆ ಎದುರು ಬದಿಯಲ್ಲಿ, ಎಂದರೆ ಬುಡ ಎತ್ತರವಿದ್ದ ಕಡೆ, ನೂರಾರು ಟನ್ ಸೀಸದ ಗಟ್ಟಿಗಳನ್ನು ಹೇರಿದರು. 1995ರಲ್ಲಿ ಬುಡದ ನೆಲವನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಲು ಹೋದಾಗ ಗೋಪುರ ಇನ್ನಷ್ಟು ವಾಲಿ ಎಲ್ಲರ ಎದೆ ಝಲ್ಲೆನಿಸಿತು. ಕೊನೆಗೆ ಕೈಹಿಡಿದ ಉಪಾಯ ನೋಡಿ: ಎತ್ತರವಿದ್ದ ಉತ್ತರದ ಬದಿಯ ಬುಡದಿಂದ ಕೊಳವೆ ಹಾಕಿ ಸ್ವಲ್ಪಸ್ವಲ್ಪವೇ ಮಣ್ಣು ತೆಗೆಯುವುದು. ಗೋಪುರ ಆ ಕಡೆಗೆ ನಿಧಾನವಾಗಿ ಕುಳಿತುಕೊಂಡಿತು. ಐದೂವರೆ ಡಿಗ್ರಿ ಇದ್ದ ವಾಲಿಕೆ ಸುಮಾರು ನಾಲ್ಕಕ್ಕೆ ಇಳಿಯಿತು. 2001ರ ಡಿಸೆಂಬರಿನಲ್ಲಿ ಜನರನ್ನು ಮತ್ತೆ ಒಳಗೆ ಬಿಟ್ಟರು.

ಕಳೆದ ವಾರ ನಮ್ಮ ಆರನೇ ತರಗತಿಯವರು ಪ್ಲಾಸ್ಟಿಕ್ ಟಬ್ಬಿನ ಒಂದು ಅರ್ಧಕ್ಕೆ ಒಣ ಮರಳು, ಇನ್ನೊಂದು ಅರ್ಧಕ್ಕೆ ನೆನೆದ ಕೆಮ್ಮಣ್ಣು ತುಂಬಿ, ನಡುವೆ ಬೆಂಕಿಪೊಟ್ಟಣಗಳನ್ನು ಅಂಟಿಸಿ ಗೋಪುರ ನಿಲ್ಲಿಸಿದರು. ಪೊಟ್ಟಣಗಳ ಒಳಗೆ ಸಣ್ಣ ಕಲ್ಲು. ಹತ್ತು ನಿಮಿಷದಲ್ಲಿ ಅದು ಕೆಮ್ಮಣ್ಣಿನ ಕಡೆ ಕತ್ತು ಹೊರಳಿಸಿತು. ಯಾವಾಗಲೂ ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವ ಹುಡುಗಿಯೊಬ್ಬಳು ಊಟದ ಡಬ್ಬಿಯ ಚಮಚ ತಂದು, ಮರಳಿನ ಕಡೆಯ ಬುಡದಿಂದ ಒಂದೊಂದೇ ಚಮಚ ತೆಗೆಯತೊಡಗಿದಳು. ಐದನೇ ಚಮಚಕ್ಕೆ ಗೋಪುರ ಅಲುಗಿತು, ಆರನೆಯದಕ್ಕೆ ಸ್ವಲ್ಪ ನೆಟ್ಟಗಾಯಿತು, ಏಳನೆಯದಕ್ಕೆ ಆಚೆ ಬದಿಗೆ ದೊಪ್ಪನೆ ಬಿತ್ತು. ತರಗತಿ ಪೂರ್ತಿ ಕೂಗಿಕೊಂಡಿತು. ಅವಳು ಮಾತ್ರ "ಆರಕ್ಕೇ ನಿಲ್ಲಿಸಬೇಕಿತ್ತು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನನಗೆ ಪ್ರದರ್ಶನ ಅಲ್ಲಿಗೇ ಮುಗಿದಷ್ಟು ತೃಪ್ತಿಯಾಯಿತು.

ಏಳನೆಯವರದು ಐಫೆಲ್ ಗೋಪುರ. ಪ್ಯಾರಿಸ್ಸಿನಲ್ಲಿ 1889ರ ಜಾಗತಿಕ ಮೇಳಕ್ಕೆಂದು ಎರಡು ವರ್ಷ, ಎರಡು ತಿಂಗಳು, ಐದು ದಿನದಲ್ಲಿ ಎದ್ದು ನಿಂತದ್ದು. ಕಬ್ಬಿಣದ ತುಂಡುಗಳು 18,038, ಅವನ್ನು ಜೋಡಿಸಿದ ರಿವೆಟ್‌ಗಳು 25 ಲಕ್ಷ. ಇಪ್ಪತ್ತು ವರ್ಷವಾದ ಮೇಲೆ ಬಿಚ್ಚಿಹಾಕಬಹುದು ಎಂಬ ಕರಾರಿನ ಮೇಲೆ ಕಟ್ಟಿದ್ದರು. ರೇಡಿಯೋ ಆಂಟೆನಾ ನಿಲ್ಲಿಸಲು ಅನುಕೂಲವಾದದ್ದರಿಂದ ಉಳಿದುಕೊಂಡಿತು. ಕಟ್ಟುವಾಗ ಆ ಊರಿನ ಹೆಸರಾಂತ ಬರಹಗಾರರು, ಕಲಾವಿದರು ಕೂಡಿ "ಊರಿನ ಅಂದ ಕೆಡುತ್ತದೆ" ಎಂದು ಪತ್ರಿಕೆಯಲ್ಲಿ ಪ್ರತಿಭಟನೆ ಪ್ರಕಟಿಸಿದ್ದರು ಎಂಬುದು ಮಕ್ಕಳಿಗೆ ಬಹಳ ಖುಷಿ ಕೊಟ್ಟಿದೆ. ನಿಮ್ಮ ಮನೆಯಲ್ಲಿರುವ ಸೈಕಲ್ ವಾಲ್ವ್ ಟ್ಯೂಬ್, ಉರಿದು ಉಳಿದ ಊದುಬತ್ತಿ ಕಡ್ಡಿಗಳನ್ನು ಕಳಿಸಿಕೊಡಿ. ನಾಲ್ಕು ಕಡ್ಡಿಯನ್ನು ಟ್ಯೂಬಿನ ತುಂಡುಗಳಿಂದ ಜೋಡಿಸಿ ಚೌಕ ಮಾಡಿ, ಒತ್ತಿದರೆ ಓರೆಯಾಗುತ್ತದೆ. ಮೂರು ಕಡ್ಡಿಯ ತ್ರಿಕೋನವನ್ನು ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಐಫೆಲ್ ಗೋಪುರದ ಒಡಲೆಲ್ಲ ಇಂಥ ತ್ರಿಕೋನಗಳೇ.

ಇದೇ ತರಗತಿಯವರು ಗಣಿತದ ಅವಧಿಯಲ್ಲಿ ಒಂದು ಲೆಕ್ಕ ಮಾಡಿದ್ದಾರೆ. ಗೋಪುರದ ಕಬ್ಬಿಣ ಸುಮಾರು 7,300 ಟನ್. ನಾಲ್ಕು ಕಾಲುಗಳ ನಡುವಿನ ಚೌಕ ಒಂದೊಂದು ಬದಿಗೆ 125 ಮೀಟರ್. ಅಷ್ಟೂ ಕಬ್ಬಿಣವನ್ನು ಕರಗಿಸಿ ಆ ಚೌಕದಲ್ಲಿ ಸುರಿದರೆ ಎಷ್ಟು ದಪ್ಪ ನಿಲ್ಲುತ್ತದೆ? ಉತ್ತರ ಆರು ಸೆಂಟಿಮೀಟರ್. ಮುನ್ನೂರು ಮೀಟರ್ ಎತ್ತರದ್ದು ಕರಗಿದರೆ ಅರ್ಧ ಗೇಣಿಗೂ ಬರುವುದಿಲ್ಲ! ನಾನು ನಂಬದೆ ಮನೆಗೆ ಹೋಗಿ ಮತ್ತೊಮ್ಮೆ ಲೆಕ್ಕ ಹಾಕಿದೆ. ಮಕ್ಕಳದೇ ಸರಿ.

ಐದನೆಯವರು ಮಾಲಿ ದೇಶದ ಜೆನ್ನೆ ಊರಿನ ಮಸೀದಿಯನ್ನು ಮಾಡುತ್ತಿದ್ದಾರೆ. ಈಗಿರುವ ಕಟ್ಟಡ 1907ರದು, ಪೂರ್ತಿ ಮಣ್ಣಿನದು. ಗೋಡೆಗಳಿಂದ ಮರದ ಗೂಟಗಳು ಮುಳ್ಳಿನಂತೆ ಹೊರಚಾಚಿವೆ. ಅವು ಅಂದಕ್ಕಷ್ಟೇ ಅಲ್ಲ, ಗಾರೆ ಬಳಿಯುವವರು ಹತ್ತಿ ನಿಲ್ಲುವ ಸಾರುವೆಯೂ ಹೌದು. ಮಳೆ ಮಣ್ಣನ್ನು ಕೊಚ್ಚುವುದರಿಂದ ವರ್ಷಕ್ಕೊಮ್ಮೆ ಇಡೀ ಊರು ಸೇರಿ ಹೊಸ ಮಣ್ಣು ಮೆತ್ತುತ್ತದೆ. ಹೆಂಗಸರು ನೀರು ಹೊರುತ್ತಾರೆ, ಗಂಡಸರು ಗೂಟ ಹತ್ತುತ್ತಾರೆ, ಮಕ್ಕಳು ಕೆಸರಿನಲ್ಲಿ ಹೊರಳುತ್ತಾರೆ. ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಕೊಳೆಯಲು ಬಿಡುವುದು ಅಲ್ಲಿನ ಪದ್ಧತಿ. ಇದನ್ನು ಹೇಳುತ್ತಿದ್ದಂತೆ ಮೂರು ಮಕ್ಕಳು ಕೈ ಎತ್ತಿದರು: "ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರಂತೆ." ಅಂಥ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ ಒಂದು ಮಧ್ಯಾಹ್ನ ಶಾಲೆಗೆ ಕಳಿಸಿಕೊಡಿ. ಮಣ್ಣಿನ ಹದ ನಮ್ಮ ಶಿಕ್ಷಕರಿಗೆ ತಿಳಿಯದು. ಎರಡು ಗೋಡೆ ಈಗಾಗಲೇ ಬಿರುಕು ಬಿಟ್ಟಿವೆ.

ಅಜ್ಜಂದಿರಿಗೆ ನಾಲ್ಕನೇ ತರಗತಿಯಲ್ಲಿ ಕೆಲಸವಿದೆ. ಪೆರು ದೇಶದಲ್ಲಿ ಅಪುರಿಮಾಕ್ ನದಿಯ ಮೇಲೆ ಕೆಸ್ವಾಚಾಕಾ ಎಂಬ ಹುಲ್ಲಿನ ಸೇತುವೆಯಿದೆ. ಇಂಕಾ ಜನರ ಕಾಲದಿಂದ ಬಂದ ಕ್ರಮದಂತೆ ಸುತ್ತಲಿನ ಹಳ್ಳಿಯವರು ಪ್ರತಿವರ್ಷ ಜೂನ್ ತಿಂಗಳಲ್ಲಿ ಹಳೆಯದನ್ನು ಕಡಿದು ನದಿಗೆ ಬಿಟ್ಟು, ಒಣಹುಲ್ಲು ಹೊಸೆದು ಹಗ್ಗ ಮಾಡಿ ಹೊಸದನ್ನು ಕಟ್ಟುತ್ತಾರೆ. ಒಂದು ಎಳೆ ಹುಲ್ಲನ್ನು ಮಗು ಕಿತ್ತುಹಾಕಬಹುದು, ಹೊಸೆದರೆ ಊರೇ ಅದರ ಮೇಲೆ ನಡೆಯಬಹುದು. ತೊಡೆಯ ಮೇಲಿಟ್ಟು ಹುರಿ ಹೊಸೆಯುವುದು ಗೊತ್ತಿರುವ ಹಿರಿಯರು ಬಂದರೆ ಬಹಳ ಉಪಕಾರ. ತೆಂಗಿನ ನಾರು ಶಾಲೆಯಲ್ಲಿದೆ.

ಎಂಟನೆಯವರಿಗೆ ಎರಡು ಗುಮ್ಮಟ: ರೋಮಿನ ಪ್ಯಾಂಥಿಯನ್, ನಮ್ಮ ವಿಜಯಪುರದ ಗೋಳಗುಮ್ಮಟ. ಕಳೆದ ಪ್ರವಾಸದಲ್ಲಿ ಇವರು ಗೋಳಗುಮ್ಮಟದ ಮೇಲೆ ನಿಂತು ಕೂಗಿದ್ದೇ ಕೂಗಿದ್ದು. ಒಂದು ಕೂಗಿಗೆ ಏಳೆಂಟು ಮರುದನಿ. ನಡುವೆ ಒಂದೂ ಕಂಬವಿಲ್ಲದೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ ಹೇಗೆ ನಿಂತಿದೆ ಎಂದು ಅಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು ಕೆಳಗಿನ ಚೌಕ ಕೋಣೆಯನ್ನು ಮೇಲೆ ವೃತ್ತಕ್ಕೆ ಒಗ್ಗಿಸಿ, ಗುಮ್ಮಟದ ಭಾರವನ್ನು ಗೋಡೆಗೆ ದಾಟಿಸುತ್ತವೆ. ಪ್ಯಾಂಥಿಯನ್ನಿನವರದು ಬೇರೆ ಜಾಣತನ. ಕಾಂಕ್ರೀಟಿಗೆ ಕೆಳಗೆ ಭಾರದ ಕಲ್ಲು, ಮೇಲೆ ಹೋದಂತೆ ಹಗುರ ಕಲ್ಲು, ತುದಿಯಲ್ಲಿ ಏನೂ ಇಲ್ಲ, ಬರೀ ಬಯಲು ಕಂಡಿ. ಮಳೆ ನೇರ ಒಳಗೇ ಸುರಿಯುತ್ತದೆ, ನೆಲದಲ್ಲಿ ನೀರು ಹೋಗಲು ತೂತುಗಳಿವೆ. ಒಳಗೆ ಕಬ್ಬಿಣದ ಸರಳು ಒಂದೂ ಇಲ್ಲದೆ ಹತ್ತೊಂಬತ್ತು ಶತಮಾನಗಳಿಂದ ನಿಂತಿದೆ.

ಮೂರನೆಯವರು ಸಿಡ್ನಿಯ ಒಪೆರಾ ಹೌಸ್ ಮಾಡುತ್ತಾರೆ, ಅದಕ್ಕೆ ಒಂದೊಂದು ಮೂಸಂಬಿ ಸಾಕು. ಯೋರ್ನ್ ಉಟ್ಸಾನ್ ಎಂಬ ಡೆನ್ಮಾರ್ಕಿನ ವಾಸ್ತುಶಿಲ್ಪಿ 1957ರಲ್ಲಿ ಸ್ಪರ್ಧೆ ಗೆದ್ದಾಗ ಚಿಪ್ಪಿನಂಥ ಅದರ ಚಾವಣಿಗಳನ್ನು ಕಟ್ಟುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಒಂದೇ ಗೋಳದಿಂದ ಕತ್ತರಿಸಿದ ಹೋಳುಗಳೆಂದು ಭಾವಿಸಿದ ಮೇಲೆ ದಾರಿ ತೆರೆಯಿತು. 70 ಲಕ್ಷ ಡಾಲರ್ ಎಂದುಕೊಂಡದ್ದು 10 ಕೋಟಿ ದಾಟಿತು, 1973ರಲ್ಲಿ ಮುಗಿಯಿತು. ನಡುವೆ ಜಗಳವಾಗಿ 1966ರಲ್ಲಿ ಊರು ಬಿಟ್ಟ ಉಟ್ಸಾನ್ ತನ್ನ ಕಟ್ಟಡ ಪೂರ್ತಿಯಾದದ್ದನ್ನು ಕಣ್ಣಾರೆ ನೋಡಲೇ ಇಲ್ಲ. ಮಕ್ಕಳು ಮೂಸಂಬಿಯನ್ನು ತಿಂದು ಸಿಪ್ಪೆ ಉಳಿಸಬೇಕು. ಉಲ್ಟಾ ಆಗದಿದ್ದರೆ ಸಾಕು.

ಬುರ್ಜ್ ಖಲೀಫಾ ಬೇಕೇ ಬೇಕೆಂದು ಹಲವರು ಹಟ ಹಿಡಿದಿದ್ದಾರೆ. 828 ಮೀಟರನ್ನು ಯಾವ ರಟ್ಟಿನಿಂದ ಮಾಡುವುದು? ಬದಲಿಗೆ, ದುಬೈಯಲ್ಲಿ ಕಟ್ಟಡ ಕೆಲಸ ಮಾಡಿ ಬಂದ ನಮ್ಮ ಪೋಷಕರೊಬ್ಬರು ಪ್ರದರ್ಶನದ ದಿನ ಅರ್ಧ ಗಂಟೆ ಮಾತಾಡಲು ಒಪ್ಪಿದ್ದಾರೆ. ಬೇಸಿಗೆಯಲ್ಲಿ ಕಾಂಕ್ರೀಟು ಬೇಗ ಬಿಗಿದುಕೊಳ್ಳದಿರಲೆಂದು ಬುರ್ಜ್ ಖಲೀಫಾಕ್ಕೆ ರಾತ್ರಿ ಹೊತ್ತು, ಮಂಜುಗಡ್ಡೆ ಬೆರೆಸಿ ಹಾಕುತ್ತಿದ್ದರು. ಇಂಥ ಸಂಗತಿಯನ್ನು ಆ ಬಿಸಿಲು ಕಂಡವರ ಬಾಯಲ್ಲೇ ಕೇಳಬೇಕು. ನಿಮ್ಮಲ್ಲಿ ಗಾರೆ, ಸೆಂಟ್ರಿಂಗ್, ವೆಲ್ಡಿಂಗ್, ಬಡಗಿ ಕೆಲಸದವರು ಬಹಳ ಮಂದಿ ಇದ್ದೀರಿ. ತೂಕದ ಗುಂಡು, ರಸಮಟ್ಟ, ಕರಣೆಗಳನ್ನು ಜೊತೆಗೆ ತನ್ನಿ. ಆ ದಿನ ನೀವು ಪ್ರೇಕ್ಷಕರಲ್ಲ, ಮೇಷ್ಟರು.

ಇನ್ನು ಒಂದೆರಡು ಖಂಡಿತದ ಮಾತು. ಅಂಗಡಿಯಿಂದ ತಂದ ಸಿದ್ಧ ಮಾದರಿಗೆ ಮೇಜು ಕೊಡುವುದಿಲ್ಲ. ಮೊಬೈಲಿನಿಂದ ಇಳಿಸಿದ ಚಾರ್ಟುಗಳನ್ನು ಓದಿ ನೋಡದೆ ಅಂಟಿಸುವುದಿಲ್ಲ. ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆ ಎಂಬುದು ಸುಳ್ಳು, ತಾಜ್ ಮಹಲ್ ಕಟ್ಟಿದವರ ಕೈ ಕತ್ತರಿಸಿದರು ಎಂಬುದಕ್ಕೆ ಆಧಾರವಿಲ್ಲ. ಎರಡೂ ಕಳೆದ ವರ್ಷ ನಮ್ಮ ಗೋಡೆಯ ಮೇಲಿದ್ದವು, ಅದೂ ನನ್ನ ಕೊಠಡಿಯ ಎದುರಿಗೆ. ಬ್ಲೇಡು ಕಳಿಸಬೇಡಿ. ಹಳೆಯ ದಿನಪತ್ರಿಕೆ, ರಟ್ಟಿನ ಡಬ್ಬಿ, ಬೆಂಕಿಪೊಟ್ಟಣ, ಹಳೆ ಸೀರೆಯ ಅಂಚು, ಮೈದಾ ಅಂಟು ಸಾಕು. ಒಂದು ಮಗುವಿಗೆ ಐವತ್ತು ರೂಪಾಯಿಗಿಂತ ಹೆಚ್ಚು ಖರ್ಚು ಬಂದರೆ ನನಗೆ ತಿಳಿಸಿ.

ಬಹುಮಾನವಿಲ್ಲ. 12:30ಕ್ಕೆ ಪ್ರತಿ ಗುಂಪೂ ತನ್ನ ಮಾದರಿಯ ಮೇಲೆ ಒಂದೊಂದೇ ಪುಸ್ತಕ ಪೇರಿಸುತ್ತ ಹೋಗುತ್ತದೆ, ಬೀಳುವವರೆಗೆ. ಬೀಳುತ್ತದೆಂದು ಮಕ್ಕಳಿಗೆ ಈಗಲೇ ಗೊತ್ತು, ಅವರು ಅದಕ್ಕೇ ಕಾದಿದ್ದಾರೆ. ನಿಮ್ಮ ಮಗುವಿನದು ಮೊದಲು ಬಿದ್ದರೆ ದಯವಿಟ್ಟು ಅಲ್ಲಿ ನಿಂತು ಮುಖ ಸಪ್ಪಗೆ ಮಾಡಬೇಡಿ. ಯಾವ ಕಡೆ ಮೊದಲು ಬಾಗಿತು ಎಂದು ಕೇಳಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಕಳೆದ ವರ್ಷದ ಒಂಬತ್ತು ತಾಜ್ ಮಹಲ್‌ಗಳೂ ಉಗ್ರಾಣದಲ್ಲಿ ಹಾಗೇ ಇವೆ. ತಮ್ಮದು ಯಾವುದೆಂದು ಗುರುತು ಹಿಡಿಯಬಲ್ಲವರು ಬಂದು ಒಯ್ಯಬಹುದು.