ತಪಾಸಣೆ ಮಾಡುವವರಿಗೂ ರಕ್ಷಣೆ ಬೇಕು

ಮಾನ್ಯರೇ,

ಅಮೆರಿಕದ ಸರ್ಕಾರಿ ಇಲಾಖೆಗಳ ಒಳಗೇ ಕೂತು ದುಡ್ಡಿನ ಪೋಲು, ಮೋಸ ಪತ್ತೆ ಮಾಡುವ ಇನ್‌ಸ್ಪೆಕ್ಟರ್ ಜನರಲ್‌ಗಳಿಗೇ ಈಗ ಕೆಲಸದ ಭದ್ರತೆ ಇಲ್ಲ. 1978ರ ಕಾಯ್ದೆಯಿಂದ ಬಂದ ಹುದ್ದೆ ಇದು. ಇವರ ವರದಿ ಇಲಾಖೆಯ ಮುಖ್ಯಸ್ಥರಿಗಷ್ಟೇ ಅಲ್ಲ, ಸಂಸತ್ತಿಗೂ ಹೋಗುತ್ತದೆ. ಇವರನ್ನು ತೆಗೆಯಬೇಕಾದರೆ ಅಧ್ಯಕ್ಷರು 30 ದಿನ ಮೊದಲೇ ಸಂಸತ್ತಿಗೆ ಕಾರಣ ಬರೆದು ತಿಳಿಸಬೇಕು. ಆದರೆ 2025ರ ಜನವರಿ 24ರ ರಾತ್ರಿ ಹದಿನೈದಕ್ಕೂ ಜಾಸ್ತಿ ಮಂದಿಯನ್ನು ಒಂದು ಇಮೇಲ್‌ನಲ್ಲೇ ವಜಾ ಮಾಡಿದರು. ಇದು ಕಾನೂನಿಗೆ ವಿರುದ್ಧ ಎಂದು ಅಲ್ಲಿನ ನ್ಯಾಯಾಲಯ ಸೆಪ್ಟೆಂಬರ್‌ನಲ್ಲಿ ಹೇಳಿತು, ಹುದ್ದೆ ಮಾತ್ರ ವಾಪಸ್ ಕೊಡಿಸಲಿಲ್ಲ. ಹೀಗಾದರೆ ಮೇಲಿನವರ ಲೆಕ್ಕ ಕೇಳುವ ಧೈರ್ಯ ಯಾರಿಗೆ ಬರುತ್ತದೆ, ಹೇಳಿ? 30 ದಿನ ಮುಗಿಯುವ ತನಕ ವಜಾ ಆದೇಶ ಜಾರಿಗೆ ಬರಬಾರದು ಎಂದು ಅಮೆರಿಕದ ಸಂಸತ್ತು ಕಾಯ್ದೆಗೆ ತಿದ್ದುಪಡಿ ತರಲಿ.

– ಓದುಗ, ಶಿವಮೊಗ್ಗ